ಸವಾಲಕ್ಕನ ದವಡೆ

ಸವಾಲಕ್ಕ ಹರಾಜು ಕೂಗುತ್ತಿದ್ದ ತರಕಾರಿ ಮಂಡಿ ತಗಡಿನ ಮಾಡಿನ ಉದ್ದನೆಯ ಕಟ್ಟಡ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹಿಂದಕ್ಕೆ ಬರುವ ಲಾರಿಗಳ ಸದ್ದು, ಮೂಟೆ ಹೊರುವವರ ‘ದಾರಿ, ದಾರಿ’, ತಗಡಿನ ಕೆಳಗೆ ಸೇರಿಕೊಂಡ ಪಾರಿವಾಳಗಳ ರೆಕ್ಕೆಬಡಿತ, ಎಲ್ಲ ಸೇರಿ ಪಕ್ಕದಲ್ಲಿ ನಿಂತವನ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಆ ಗದ್ದಲವನ್ನು ಮೀರಿ ಕೇಳಿಸುವ ಗಂಟಲು ಒಂದೇ ಇತ್ತು, ಅದು ಸವಾಲು ಕೂಗಿಯೇ ಆ ಹೆಸರು ಪಡೆದ ಸವಾಲಕ್ಕನದು. ಮಂಡಿಯ ಸಾಹುಕಾರರು ಅವಳಿಗಿಂತ ಹತ್ತು ವರ್ಷ ದೊಡ್ಡವರಾದರೂ ಅಕ್ಕ ಎಂದೇ ಕರೆಯುತ್ತಿದ್ದರು. ಕಲ್ಲಿನ ಕಟ್ಟೆ ಹತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವಳು ಬಾಯಿ ತೆರೆದಳೆಂದರೆ ಗೇಟಿನಾಚೆ ಬೀಡಿ ಸೇದುತ್ತಿದ್ದವನೂ ಒಳಗೆ ಬರುತ್ತಿದ್ದ. ಮುದುಡಿದ ಎಲೆಕೋಸಿನ ರಾಶಿಯನ್ನು ಕೂಡ ಅವಳು ಮದುವೆ ಹೆಣ್ಣನ್ನು ತೋರಿಸುವ ಹಾಗೆ ತೋರಿಸಿ, ಕೊಳ್ಳಲು ಬಂದವರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟಿ, ಕೊನೆಗೆ ಸೋತವನೂ ನಗುವ ಹಾಗೆ ಮಾತು ಮುಗಿಸುತ್ತಿದ್ದಳು.

ಅವಳಿಗೆ ಫಿಟ್ಸ್ ಇತ್ತು. ಶಾಲೆಗೆ ಹೋಗುತ್ತಿದ್ದಾಗ ಶುರುವಾದದ್ದು, ಬೆಳಿಗ್ಗೆ ಸಂಜೆ ಮಾತ್ರೆ ನುಂಗುತ್ತ ಹತೋಟಿಯಲ್ಲಿತ್ತು. ಆದರೂ ವರ್ಷಕ್ಕೆ ಒಂದೆರಡು ಸಲ ತಲೆದೋರುತ್ತಿತ್ತು. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮೂಟೆ ಹೊರುವವರನ್ನೆಲ್ಲ ಸುತ್ತ ಕೂರಿಸಿಕೊಂಡು, ತಾನು ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಪಾಠ ಹೇಳಿದ್ದಳು. ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಗೋಣಿಚೀಲ ಇಡಬೇಕು, ಸುತ್ತ ಗುಂಪು ಕಟ್ಟಬಾರದು, ಬಾಯಿಗೆ ಏನನ್ನೂ ತುರುಕಬಾರದು. ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿತ್ತು. ಹರೆಯದಲ್ಲಿ ಒಮ್ಮೆ ಬಿದ್ದಾಗ ಯಾರೋ ಪುಣ್ಯಾತ್ಮ ನಾಲಿಗೆ ಕಚ್ಚಿಕೊಂಡಾಳೆಂದು ಹಲ್ಲುಗಳ ನಡುವೆ ಉಕ್ಕಿನ ಚಮಚ ತೂರಿಸಿ, ಮುಂದಿನ ಒಂದು ಹಲ್ಲನ್ನೇ ಕಿತ್ತಿದ್ದ. ಅಂದಿನಿಂದ ಅವಳು ತೆಗೆದು ಹಾಕುವ ಕಟ್ಟುಹಲ್ಲು ಇಟ್ಟುಕೊಂಡಿದ್ದಳು. ಮಾತಿನ ಭರದಲ್ಲಿ ಅದು ಆಗಾಗ ಅಲುಗುತ್ತಿತ್ತು. ನಾಲಿಗೆಯಿಂದ ಅದನ್ನು ಸ್ವಸ್ಥಾನಕ್ಕೆ ತಳ್ಳಿ ಕೂಗು ಮುಂದುವರಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಅವಳ ಗಂಡನಿಗೆ ತಕ್ಕಡಿ ರಿಪೇರಿಯ ಕೆಲಸ. ಅಂಗಡಿಗಳ ಸಣ್ಣ ತಕ್ಕಡಿಯಿಂದ ಹಿಡಿದು ಮಂಡಿಯ ದೊಡ್ಡ ತೂಕದ ಯಂತ್ರದವರೆಗೆ ಎಲ್ಲವನ್ನೂ ಬಿಚ್ಚಿ, ಒರೆಸಿ, ಸರಿಮಾಡಿ ಕೊಡುತ್ತಿದ್ದ. ಮಾತು ಕಡಿಮೆ. ಆ ಮನೆಯಲ್ಲಿ ಮಾತಿನ ಪಾಲೆಲ್ಲ ಹೆಂಡತಿಯದು, ಉಳಿದ ಚೂರುಪಾರು ಅವನ ತಾಯಿಯದು. ಹಾಲಿನವನು ಬಂದರೂ, ನೆಂಟರು ಬಂದರೂ, ಡಾಕ್ಟರ ಹತ್ತಿರ ಹೋದರೂ ಮುಂದೆ ನಿಂತು ಮಾತಾಡುವವಳು ಸವಾಲಕ್ಕ. ಅವನು ಹಿಂದೆ ಚೀಲ ಹಿಡಿದು ನಿಲ್ಲುತ್ತಿದ್ದ. ಅವನಿಗೆ ಅದರಲ್ಲಿ ಎಳ್ಳಷ್ಟೂ ಬೇಜಾರಿರಲಿಲ್ಲ.

ಆ ವಾರ ಸವಾಲಕ್ಕನಿಗೆ ಹೊಟ್ಟೆ ಕೆಟ್ಟಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ, ನುಂಗಿದ ಮಾತ್ರೆಯೂ ನಿಲ್ಲುತ್ತಿರಲಿಲ್ಲ. ಎರಡು ದಿನ ಮನೆಯಲ್ಲಿದ್ದು, ಮೂರನೆಯ ದಿನ ವಾಂತಿ ಕಡಿಮೆಯಾಯಿತೆಂದು ಅತ್ತೆ ಬೇಡವೆಂದರೂ ಕೇಳದೆ ಮಂಡಿಗೆ ಹೋದಳು. ಹುರುಳಿಕಾಯಿ ರಾಶಿಯ ಹರಾಜು ನಡೆಯುತ್ತಿತ್ತು. ಬೆಲೆ ಏರುತ್ತಿದ್ದಂತೆ ಅವಳ ಮಾತು ಇದ್ದಕ್ಕಿದ್ದಂತೆ ಅರ್ಧಕ್ಕೆ ನಿಂತಿತು. ಮಂಡಿಯವರಿಗೆ ಅಷ್ಟು ಸಾಕಾಗಿತ್ತು; ಮೂಟೆ ಹೊರುವವರ ಮುಖಂಡ ಕೈಯಲ್ಲಿದ್ದ ಚೀಲ ಬಿಸಾಡಿ ಓಡಿ ಬಂದ. ಮೂಟೆಯಣ್ಣ ಎಂದು ಕರೆಸಿಕೊಳ್ಳುವ ಈ ದೊಡ್ಡ ಆಳಿಗೆ ಒಂದೇ ಒಂದು ಹೆಜ್ಜೆ ತಡವಾಯಿತು. ಸವಾಲಕ್ಕ ಕಟ್ಟೆಯ ಮೇಲಿಂದ ಮುಂದಕ್ಕೆ ಬಿದ್ದಳು. ಕೆಳಗೆ ತೂಕದ ಯಂತ್ರವಿತ್ತು. ಅದರ ಕಬ್ಬಿಣದ ಅಂಚಿಗೆ ಗದ್ದ ಬಡಿದ ಸದ್ದು ಆಚೆ ಸಾಲಿನಲ್ಲಿದ್ದವರಿಗೂ ಕೇಳಿಸಿತು.

ಕಲಿಸಿಕೊಟ್ಟ ಪಾಠದಂತೆಯೇ ಅವಳನ್ನು ಹೊರಳಿಸಿದರು, ಗೋಣಿಚೀಲ ಇಟ್ಟರು, ಯಾರೂ ಬಾಯಿಗೆ ಕೈ ಹಾಕಲಿಲ್ಲ. ಸೆಳೆತ ನಿಂತು ಎಚ್ಚರವಾದಾಗ ಅವಳು ಏಳಲು ನೋಡಿದಳು, ಎಂದಿನಂತೆ ಏನೋ ಹೇಳಲು ಹೋದಳು. ಬಾಯಿಂದ ರಕ್ತ ಬಂತೇ ಹೊರತು ಮಾತು ಬರಲಿಲ್ಲ. ಕೆಳಗಿನ ಹಲ್ಲುಸಾಲು ಒಂದು ಕಡೆ ಮೆಟ್ಟಿಲಿನ ಹಾಗೆ ಮೇಲೆ ಕೆಳಗೆ ಆಗಿತ್ತು. ಗದ್ದ ಎಡಕ್ಕೆ ವಾಲಿತ್ತು. ಕಟ್ಟುಹಲ್ಲು ಎಲ್ಲಿಯೂ ಕಾಣಲಿಲ್ಲ.

ಸುದ್ದಿ ತಿಳಿದು ಗಂಡ ಓಡಿಬಂದ. ಮಂಡಿಯ ಎದುರಿಗೇ ಒಂದು ಹಲ್ಲಿನ ಆಸ್ಪತ್ರೆ ಇತ್ತು, ಅಲ್ಲಿಗೆ ಕರೆದೊಯ್ದರು. ಹಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ರಕ್ತ ಒರೆಸಿ, ಎಕ್ಸ್‌ರೇ ತೆಗೆಸಿ, ದವಡೆ ಎರಡು ಕಡೆ ಮುರಿದಿದೆ, ಎಡಗಡೆ ಗದ್ದದ ಹತ್ತಿರ ಒಂದು, ಬಲಗಡೆ ಹಿಂದಿನ ಮೂಲೆಯಲ್ಲಿ ಇನ್ನೊಂದು ಎಂದು ತೋರಿಸಿದರು. ಹೆದರಬೇಕಾದ್ದಿಲ್ಲ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಕಟ್ಟಿಬಿಟ್ಟರೆ ಒಂದೂವರೆ ತಿಂಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ, ಅಲ್ಲಿಯವರೆಗೆ ನೀರಾಹಾರ ಎಂದರು. ಇವಳು ಬರೀ ಜಾರಿ ಬಿದ್ದವಳೆಂದು ಅವರು ತಿಳಿದಿದ್ದರು. ಕಟ್ಟೆಯಿಂದ ಬಿದ್ದಳು ಎಂದಷ್ಟೇ ಮೂಟೆಯಣ್ಣ ಹೇಳಿದ್ದ.

ಸವಾಲಕ್ಕ ಗಂಡನ ಅಂಗಿ ಹಿಡಿದು ಜಗ್ಗಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಯಾವ ಡಾಕ್ಟರ ಮುಂದೆಯೂ ಮೊದಲ ಮಾತು ಆಡಿದವನಲ್ಲ ಅವನು. ಈಗ ಅವಳು ಆಡುವಂತಿಲ್ಲ. ಅವನೇ ಮುಂದೆ ಬಂದು ಒಂದೇ ಉಸಿರಿಗೆ ಹೇಳಿದ:

“ಡಾಕ್ಟ್ರೇ, ಇವಳಿಗೆ ಫಿಟ್ಸ್ ಇದೆ. ಚಿಕ್ಕಂದಿನಿಂದ. ಮೂರು ದಿನದಿಂದ ವಾಂತಿ, ಮಾತ್ರೆ ಹೊಟ್ಟೇಲಿ ನಿಂತಿಲ್ಲ. ಇವತ್ತು ಬಿದ್ದಿದ್ದೂ ಅದರಿಂದಾನೇ. ಕಟ್ಟುಹಲ್ಲು ಒಂದಿತ್ತು, ಅದೂ ಕಾಣ್ತಿಲ್ಲ.”

ಹಲ್ಲಿನ ಡಾಕ್ಟರು ಕೈಗೆತ್ತಿಕೊಂಡಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟರು. ಇದನ್ನು ಮೊದಲೇ ಹೇಳಿದ್ದು ಬಹಳ ಒಳ್ಳೆಯದಾಯಿತು, ಹಾಗಿದ್ದರೆ ಇದು ತಾನು ಮಾಡುವ ಕೆಲಸವಲ್ಲ ಎಂದು ನೇರವಾಗಿಯೇ ಒಪ್ಪಿಕೊಂಡು, ಗದ್ದದಿಂದ ತಲೆಯ ಸುತ್ತ ಸಡಿಲವಾಗಿ ಬಟ್ಟೆಪಟ್ಟಿ ಸುತ್ತಿ, ದೊಡ್ಡ ಆಸ್ಪತ್ರೆಯಲ್ಲಿ ದವಡೆ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮನಿಗೆ ತಾವೇ ಫೋನು ಮಾಡಿದರು.

ದೊಡ್ಡ ಆಸ್ಪತ್ರೆಯ ದವಡೆ ಡಾಕ್ಟರಮ್ಮ ಗಿಡ್ಡ ಆಳು, ಐವತ್ತರ ಆಸುಪಾಸು, ಕನ್ನಡಕವನ್ನು ಯಾವಾಗಲೂ ತಲೆಯ ಮೇಲೆ ಏರಿಸಿಕೊಂಡಿರುವವರು. ರೋಗಿಗೆ ಮಾತು ಬರಲಿ ಬಾರದಿರಲಿ, ರೋಗಿಯ ಮುಖ ನೋಡಿಯೇ ಮಾತಾಡುವುದು ಅವರ ಪದ್ಧತಿ. ಮೊದಲು ಎದೆಗೂ ಹೊಟ್ಟೆಗೂ ಎಕ್ಸ್‌ರೇ ತೆಗೆಸಿದರು. ಫಿಟ್ಸ್ ಬಂದಾಗ ಕಟ್ಟುಹಲ್ಲು ಕಳೆದರೆ ಅದು ನೆಲದ ಮೇಲಿದೆಯೋ ಶ್ವಾಸನಾಳದಲ್ಲಿದೆಯೋ ಎಂದು ತಿಳಿಯದೆ ಮುಂದಕ್ಕೆ ಹೋಗುವ ಹಾಗಿಲ್ಲ ಎಂದರು. ಒಳಗೆ ಎಲ್ಲಿಯೂ ಇರಲಿಲ್ಲ. ಸಂಜೆಯ ಹೊತ್ತಿಗೆ ಮೂಟೆಯಣ್ಣ ಅದನ್ನು ಹಿಡಿದುಕೊಂಡು ಬಂದ. ಹುರುಳಿಕಾಯಿ ಕೊಂಡವನೊಬ್ಬ ಮನೆಗೆ ಹೋಗಿ ಚೀಲ ಸುರಿದಾಗ ಸಿಕ್ಕಿತಂತೆ. ತೂಕದಲ್ಲಿ ಹಲ್ಲಿನ ಪಾಲು ಕಳೆಯಬೇಕೆಂದು ಅವನು ತಮಾಷೆ ಮಾಡಿದನೆಂದು ಮೂಟೆಯಣ್ಣ ಹೇಳಿದಾಗ ಸವಾಲಕ್ಕನಿಗೆ ನಗು ಬಂತು, ನಕ್ಕದ್ದಕ್ಕೆ ನೋವೂ ಬಂತು.

ಆಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

“ನೋಡಮ್ಮ, ಬಾಯಿ ತಂತಿಯಿಂದ ಕಟ್ಟೋದು ಒಳ್ಳೆ ಉಪಾಯಾನೇ. ಎಷ್ಟೋ ಜನಕ್ಕೆ ನಾನೇ ಕಟ್ಟಿದ್ದೀನಿ. ನಿಮಗೆ ಕಟ್ಟಲ್ಲ. ಕಟ್ಟಿದ ಬಾಯಲ್ಲಿ ಫಿಟ್ಸ್ ಬಂದ್ರೆ ಎಂಜಲು, ರಕ್ತ, ವಾಂತಿ ಯಾವುದಕ್ಕೂ ಹೊರಗೆ ದಾರಿ ಇರಲ್ಲ, ಶ್ವಾಸಕೋಶಕ್ಕೆ ಇಳಿಯುತ್ತೆ. ಆ ಹೊತ್ತಲ್ಲಿ ದವಡೆ ಕಚ್ಚೋ ಬಲಕ್ಕೆ ತಂತೀನೂ ತಡೆಯಲ್ಲ, ಹಲ್ಲೂ ತಡೆಯಲ್ಲ. ಅದಕ್ಕೆ ಮೂಳೆಗೇ ಲೋಹದ ಪ್ಲೇಟು ಕೂರಿಸಿ ಸ್ಕ್ರೂ ಹಾಕ್ತೀನಿ. ಬಾಯಿ ಮೊದಲ ದಿನದಿಂದಲೇ ಕಟ್ಟದೆ ಬಿಟ್ಟಿರುತ್ತೆ.”

ಅತ್ತೆಗೆ ಇದು ಹಿಡಿಸಲಿಲ್ಲ. ಅವಳ ಪರಿಚಯದ ಒಬ್ಬಳ ಮಗನಿಗೆ ಸೈಕಲ್ಲಿನಿಂದ ಬಿದ್ದು ದವಡೆ ಮುರಿದಾಗ ಬಾಯಿ ಕಟ್ಟಿದ್ದರು, ಕೊಯ್ಯದೆ ಹೊಲಿಯದೆ ಸರಿಹೋಗಿತ್ತು. ಸೊಸೆಗೆ ಮಾತ್ರ ಯಾಕೆ ಕತ್ತರಿ ಆಡಿಸಬೇಕೆಂದು ಅವಳು ಡಾಕ್ಟರಮ್ಮನಿಗೂ ಕೇಳುವಂತೆ ಮಗನ ಹತ್ತಿರ ಗೊಣಗಿದಳು. ಮಗನ ಮನಸ್ಸು ಸ್ಕ್ರೂವಿನ ಮೇಲಿತ್ತು. ಅವನು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಂಕೋಚಪಡುತ್ತಲೇ ಕೇಳಿದ, ಅಲುಗಾಡುವ ಜಾಗದಲ್ಲಿ ಹಾಕಿದ ಸ್ಕ್ರೂ ಕಾಲಾಂತರದಲ್ಲಿ ಸಡಿಲವಾಗುವುದಿಲ್ಲವೇ ಎಂದು. ಡಾಕ್ಟರಮ್ಮನಿಗೆ ಈ ಪ್ರಶ್ನೆ ಇಷ್ಟವಾಯಿತು. ಸಾಮಾನ್ಯವಾಗಿ ಹಾಕುವ ತೆಳುವಾದ ಪ್ಲೇಟು ಹಾಕಿದರೆ ಆಗಬಹುದು, ಅದಕ್ಕೇ ಇವರಿಗೆ ದಪ್ಪನೆಯದು, ಉದ್ದನೆಯದು, ಮುರಿದ ಗೆರೆಯ ಆಚೆ ಈಚೆ ಮೂರು ಮೂರು ಸ್ಕ್ರೂ ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಅವನು ಚಿತ್ರವನ್ನು ಬಹಳ ಹೊತ್ತು ನೋಡಿ ತಲೆಯಾಡಿಸಿದ. ಅಲ್ಲಿಗೆ ಅವನಿಗೆ ಆಪರೇಷನ್ನಿನ ಭಯ ಅರ್ಧ ಇಳಿಯಿತು.

ಸವಾಲಕ್ಕನಿಗೆ ಭಯವೇ ಇರಲಿಲ್ಲವೆಂದಲ್ಲ. ಆದರೆ ಅವಳ ಭಯ ಬೇರೆ. ಅವಳು ಗಂಟಲಿನ ಮೇಲೆ ಕೈಯಿಟ್ಟು, ಹುಬ್ಬೇರಿಸಿ ಡಾಕ್ಟರಮ್ಮನನ್ನು ನೋಡಿದಳು. ಗಂಡ ಅರ್ಥ ಬಿಡಿಸಿದ. ಇವಳದು ಕೂಗುವ ಕೆಲಸ, ಮತ್ತೆ ಕೂಗಬಹುದೇ ಎಂದು ಕೇಳುತ್ತಿದ್ದಾಳೆ. ಡಾಕ್ಟರಮ್ಮ ಎರಡು ತಿಂಗಳು ಕೂಗುವ ಹಾಗಿಲ್ಲ, ಆಮೇಲೆ ಬೇಡವೆಂದರೂ ನೀವು ಕೇಳುವವರಲ್ಲ ಎಂದು ಕಾಣುತ್ತದೆ ಎಂದರು. ಸವಾಲಕ್ಕ ಅಂಗೈ ಮೇಲೆ ಮುಷ್ಟಿ ಕುಟ್ಟಿದಳು. ಮಂಡಿಯಲ್ಲಿ ಹರಾಜು ಕುದುರಿದಾಗ ಮಾಡುವ ಸನ್ನೆ ಅದು.

ಆದರೆ ಆಪರೇಷನ್ ಅಂದೇ ಆಗಲಿಲ್ಲ. ಮೊದಲು ಫಿಟ್ಸ್ ಹತೋಟಿಗೆ ಬರಬೇಕಿತ್ತು. ರಕ್ತ ಪರೀಕ್ಷೆಯಲ್ಲಿ ಮಾತ್ರೆಯ ಅಂಶ ತೀರ ಇಳಿದುಹೋಗಿತ್ತು. ಫಿಟ್ಸಿನ ಡಾಕ್ಟರು ಬಂದು ಔಷಧಿಯನ್ನು ರಕ್ತನಾಳದ ಮೂಲಕವೇ ಕೊಡಿಸಿದರು. ದವಡೆ ಡಾಕ್ಟರಮ್ಮ ಅವರಿಗೆ ಸವಾಲಕ್ಕನ ಊದಿದ ಒಸಡನ್ನೂ ತೋರಿಸಿದರು. ಹಳೆಯ ಮಾತ್ರೆಯಿಂದ ಒಸಡು ಬೆಳೆಯುತ್ತದೆ, ಬಹಳ ವರ್ಷ ತೆಗೆದುಕೊಂಡರೆ ಮೂಳೆಯೂ ಸವೆಯಬಹುದು, ಮುಂದೆ ನಿಧಾನವಾಗಿ ಬೇರೆ ಮಾತ್ರೆಗೆ ಹೋಗೋಣ ಎಂದು ಇಬ್ಬರೂ ಮಾತಾಡಿಕೊಂಡರು.

ಎರಡನೆಯ ದಿನ ಮಧ್ಯಾಹ್ನ, ನೋಡಲು ಬರುವವರ ಹೊತ್ತಿನಲ್ಲಿ, ಸವಾಲಕ್ಕನಿಗೆ ಇನ್ನೊಂದು ಸಲ ಫಿಟ್ಸ್ ಬಂತು. ಅತ್ತೆ ಪಕ್ಕದಲ್ಲೇ ಕೂತು ಸೊಸೆಯ ತಲೆಗೂದಲು ಬಾಚುತ್ತಿದ್ದಳು. ಬಾಚಣಿಗೆ ಕೈಯಿಂದ ಜಾರಿತು. ವಾರ್ಡಿನ ನರ್ಸಮ್ಮ ಓಡಿ ಬರಲಿಲ್ಲ, ಚುರುಕಾಗಿ ನಡೆದು ಬಂದಳು. ಸವಾಲಕ್ಕನನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಕೈಯಿಟ್ಟು, ಬಾಯಿಂದ ಬಂದ ಹಾಲಿನ ವಾಂತಿಯನ್ನು ಕೊಳವೆಯಿಂದ ಹೀರಿ ತೆಗೆದಳು. ಸೆಳೆತ ನಿಂತು ಉಸಿರು ಸಮವಾದಾಗ ಅತ್ತೆ ತಾನು ಕಂಡದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಅಷ್ಟು ವಾಂತಿ, ಅದು ಹೊರಗೆ ಬಂದ ದಾರಿ. ಸಂಜೆ ಡಾಕ್ಟರಮ್ಮ ಬಂದಾಗ ಎದ್ದು ನಿಂತು ಹೇಳಿದಳು:

“ತಾಯಿ, ನೀವು ಹೇಳಿದ ಹಾಗೇ ಮಾಡಿ. ನಾನು ಏನೋ ಬಾಯಿಗೆ ಬಂದಿದ್ದು ಅಂದಿದ್ದೆ, ಅದನ್ನ ಮನಸ್ಸಿಗೆ ಹಾಕ್ಕೋಬೇಡಿ.”

ಆ ಫಿಟ್ಸಿನಿಂದ ಮುರಿದ ಮೂಳೆ ಇನ್ನಷ್ಟು ಸರಿದಿತ್ತು. ಆದರೆ ಔಷಧಿಯ ಮಟ್ಟ ಏರಿದ ಮೇಲೆ ಮತ್ತೆ ಬರಲಿಲ್ಲ, ವಾರದ ಕೊನೆಗೆ ಆಪರೇಷನ್ ನಿಗದಿಯಾಯಿತು. ಆ ಬೆಳಿಗ್ಗೆ ಎಲ್ಲರಿಗೂ ಮಾಡುವಂತೆ ಅವಳಿಗೂ ಊಟ ನೀರು ನಿಲ್ಲಿಸಿದ್ದರು, ಆದರೆ ಫಿಟ್ಸಿನ ಔಷಧಿಯನ್ನು ಮಾತ್ರ ತಪ್ಪಿಸಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ತಾವೇ ನಿಂತು ಅದನ್ನು ಕೊಡಿಸಿ, ಆಮೇಲೆ ಗಾಡಿಯನ್ನು ಒಳಗೆ ತಳ್ಳಿಸಿದರು. ಗಂಡ ಹೊರಗಿನ ಬೆಂಚಿನ ಮೇಲೆ ಕೂತ. ಮೂಟೆಯಣ್ಣನೂ ಬಂದು ಕೂತ. ಇಬ್ಬರೂ ಮಾತಾಡುವವರಲ್ಲ, ಎದುರಿನ ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆ ಎನ್ನುವುದು ಅವರಿಬ್ಬರಿಗೂ ಬಾಯಿಪಾಠವಾಯಿತು.

ಡಾಕ್ಟರಮ್ಮ ಹೊರಗೆ ಬಂದು, ತಲೆಯ ಟೋಪಿ ತೆಗೆದು, ಎರಡೂ ಕಡೆ ಚೆನ್ನಾಗಿ ಕೂತಿದೆ, ಹಲ್ಲು ಹಲ್ಲಿಗೆ ಸರಿಯಾಗಿ ಸೇರುತ್ತಿದೆ ಎಂದರು. ನಂತರ ಗಂಡನ ಕಡೆ ತಿರುಗಿ, ಸ್ಕ್ರೂ ಎಲ್ಲ ಬಿಗಿಯಾಗಿವೆ ಎಂದು ಸೇರಿಸಿದರು.

ಎಚ್ಚರವಾದ ಸವಾಲಕ್ಕ ಮೊದಲು ಮಾಡಿದ ಕೆಲಸ ಬಾಯಿ ತೆರೆದು ನೋಡಿದ್ದು. ಒಂದು ಬೆರಳಿನಷ್ಟು ತೆರೆಯಿತು. ಆದರೆ ಕೆಳತುಟಿಯ ಎಡ ಅರ್ಧ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ, ಬೇರೆ ಯಾರದೋ ತುಟಿಯನ್ನು ತಂದು ಅಂಟಿಸಿದ ಹಾಗಿತ್ತು. ನೀರು ಕುಡಿದರೆ ಗದ್ದದ ಮೇಲೆ ಇಳಿಯುತ್ತಿತ್ತು. ‘ಪ’, ‘ಬ’, ‘ಮ’ ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಬದನೆಕಾಯಿ ಎನ್ನಲು ಹೋದರೆ ಒದ್ದೆ ಗಾಳಿ ಹೊರಡುತ್ತಿತ್ತು. ಬದನೆಕಾಯಿ ಎನ್ನಲಾಗದ ಹರಾಜುದಾರಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ಒಂದು ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮುರಿತದ ಜಾಗದಲ್ಲಿ ನರ ಜಜ್ಜಿದೆ, ತುಂಡಾಗಿಲ್ಲ, ತುಟಿಗೆ ಇರುವೆ ಹರಿದಂತಾಗಲು ಶುರುವಾದರೆ ಜೀವ ಬರುತ್ತಿದೆ ಎಂದು ತಿಳಿಯಿರಿ ಎಂದು ಡಾಕ್ಟರಮ್ಮ ಹೇಳಿದರು. ಮರುದಿನ ಸವಾಲಕ್ಕ ಗೋಡೆ ಬಿಟ್ಟು ಈಚೆ ತಿರುಗಿದಳು. ಇರುವೆಗಾಗಿ ಕಾಯುವುದಕ್ಕಿಂತ ಮಾಡಬೇಕಾದ ಕೆಲಸವಿತ್ತು. ಬಾಯಿ ತೆರೆಯುವ ವ್ಯಾಯಾಮಕ್ಕೆಂದು ಕೊಟ್ಟ ಚಪ್ಪಟೆ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದರ ಮೇಲೊಂದು ಸೇರಿಸುತ್ತ ಹೋದಳು.

ಮನೆಗೆ ಬಂದ ಮೇಲೆ ಅತ್ತೆ ಅಡುಗೆಯೆಲ್ಲವನ್ನೂ ರುಬ್ಬಿ ನೀರು ಮಾಡಿ ಕೊಟ್ಟಳು. ಸವಾಲಕ್ಕನಿಗೆ ಮಾತಾಡುವ ಅನುಮತಿ ಇತ್ತು, ಮೆಲ್ಲಗೆ, ಸ್ವಲ್ಪವೇ. ಸ್ವಲ್ಪ ಎನ್ನುವುದು ಅವಳಿಗೆ ಒಗ್ಗದ ಅಳತೆಯಾದ್ದರಿಂದ ಪೂರ್ತಿ ಸುಮ್ಮನಿದ್ದಳು. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ, ತನಗೆ ಕಿವಿ ಮಂದವಾಯಿತೇನೋ ಎಂದು ಅತ್ತೆ ಒಂದೆರಡು ಸಲ ಪಾತ್ರೆ ಬಡಿದು ನೋಡಿಕೊಂಡಳಂತೆ. ಆದರೆ ಒಂದು ವಿಚಿತ್ರ ನಡೆಯಿತು. ಬಾಯಿ ಬಿಡದ ಗಂಡ ಮಾತಾಡತೊಡಗಿದ. ಸಂಜೆ ಬಂದು, ಯಾವ ಅಂಗಡಿಯ ತಕ್ಕಡಿ ಯಾಕೆ ತಪ್ಪು ತೂಗುತ್ತಿತ್ತು, ಯಾರು ಏನೆಂದರು ಎಂದೆಲ್ಲ ಹೇಳುವನು. ಮಧ್ಯೆ ಬಾಯಿ ಹಾಕಲಾಗದೆ ಸವಾಲಕ್ಕ ಪೂರ್ತಿ ಕೇಳಬೇಕಾಗುತ್ತಿತ್ತು. ಇವನಿಗೆ ಇಷ್ಟೊಂದು ಹೇಳುವುದಿತ್ತೇ ಎಂದು ಅವಳಿಗೆ ಆಶ್ಚರ್ಯ.

ಅತ್ತ ಮಂಡಿಯಲ್ಲಿ ಅವಳ ಜಾಗದಲ್ಲಿ ಮೂಟೆಯಣ್ಣನನ್ನು ನಿಲ್ಲಿಸಿದ್ದರು. ಅವನ ಎದೆ ಕಪಾಟಿನಷ್ಟಿದ್ದರೂ ದನಿ ಅದಕ್ಕೆ ತಕ್ಕದ್ದಾಗಿರಲಿಲ್ಲ. ಅದಕ್ಕಿಂತ ಕಷ್ಟವೆಂದರೆ ಅವನಿಗೆ ನಾಚಿಕೆ. ಬೆಲೆ ಕೂಗಿ, ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸುತ್ತಿದ್ದ. ಕೊಳ್ಳುವವರಿಗೆ ಹಬ್ಬ, ಬೆಳೆದು ತಂದವರಿಗೆ ಸಂಕಟ. ಇದನ್ನು ಕೇಳಿ ಸವಾಲಕ್ಕ ಮನೆಯಲ್ಲಿ ಕೂರಲಾರದೆ, ಡಾಕ್ಟರಮ್ಮನನ್ನು ಕೇಳಿ, ಕೂಗುವುದಿಲ್ಲವೆಂದು ಮಾತು ಕೊಟ್ಟು, ನಾಲ್ಕನೆಯ ವಾರ ಮಂಡಿಗೆ ಹೋಗಿ ಕುರ್ಚಿ ಹಾಕಿಸಿಕೊಂಡು ಕೂತಳು. ಮಂಡಿಯವರಿಗೆ ಬೆರಳುಗಳ ಲೆಕ್ಕ ಮೊದಲಿಂದಲೂ ಗೊತ್ತು. ದೂರದಿಂದ ಬೆಲೆ ಹೇಳಿಕೊಳ್ಳಲು ಇದ್ದ ಸನ್ನೆಗಳು ಅವು. ಮೂಟೆಯಣ್ಣ ಕೂಗುತ್ತಿದ್ದಂತೆ ಅವಳು ಪಕ್ಕದಲ್ಲಿ ಬೆರಳೆತ್ತಿ, ಹುಬ್ಬು ಹಾರಿಸಿ, ಹಿಂಜರಿಯುವವನ ಕಡೆ ಕೈ ತೋರಿಸಿ, ಕಡಿಮೆ ಕೇಳಿದವನಿಗೆ ಮುಖ ತಿರುಗಿಸಿ ಹರಾಜು ನಡೆಸಿದಳು. ಎರಡು ದಿನದಲ್ಲಿ ಜನ ಮೂಟೆಯಣ್ಣನ ಬಾಯಿ ಬಿಟ್ಟು ಇವಳ ಕೈಯನ್ನೇ ನೋಡತೊಡಗಿದರು. ಮೂಟೆಯಣ್ಣ ದೊಡ್ಡ ಉಸಿರುಬಿಟ್ಟು ತನ್ನ ಮೂಟೆಗಳಿಗೆ ಹಿಂತಿರುಗಿದ.

ತುಟಿಗೆ ಇರುವೆ ಹರಿಯತೊಡಗಿದ್ದು ಒಂದು ದಿನ ಅಲ್ಲೇ, ಟೊಮೇಟೊ ರಾಶಿಯ ಮುಂದೆ. ಸವಾಲಕ್ಕ ಗದ್ದ ಒರೆಸಿಕೊಂಡಳು, ಅಲ್ಲಿ ಏನೂ ಇರಲಿಲ್ಲ. ಇನ್ನೊಂದು ಸಲ ಒರೆಸಿಕೊಂಡಳು. ಆಮೇಲೆ ಅರ್ಥವಾಗಿ, ಅಷ್ಟು ಜನರ ನಡುವೆ ತನ್ನಷ್ಟಕ್ಕೆ ತಾನು ‘ಬದನೆಕಾಯಿ, ಬದನೆಕಾಯಿ’ ಎಂದು ಪಿಸುಗುಟ್ಟಿದಳು. ಪೂರ್ತಿ ಸರಿಯಿರಲಿಲ್ಲ, ಆದರೆ ಕೇಳಿದವನು ಬದನೆಕಾಯಿಯನ್ನೇ ಕೊಳ್ಳುವಷ್ಟಿತ್ತು.

ಎರಡು ತಿಂಗಳು ಕಳೆದು ಡಾಕ್ಟರಮ್ಮ ಒಪ್ಪಿದ ಮೇಲೆ ಅವಳು ಮತ್ತೆ ಕೂಗಿದಳು. ಮೊದಮೊದಲು ಒಂದೆರಡು ರಾಶಿ, ನಂತರ ಅರ್ಧ ಬೆಳಗು, ನಂತರ ಪೂರ್ತಿ. ಬಾಯಿ ಕಟ್ಟಿರಲಿಲ್ಲವಾದ್ದರಿಂದ ದವಡೆಯ ಕೀಲು ಬಿಗಿದುಕೊಂಡಿರಲಿಲ್ಲ. ಕಟ್ಟುಹಲ್ಲನ್ನು ಡಾಕ್ಟರಮ್ಮ ಹಾಕಿಕೊಳ್ಳಲು ಬಿಡಲೇ ಇಲ್ಲ. ಹಲ್ಲಿನ ಡಾಕ್ಟರು ಕದಲದ ಹಾಗೆ ಕೂರಿಸಿದ ಹಲ್ಲು ಅದರ ಜಾಗಕ್ಕೆ ಬಂತು.

ಎಲ್ಲ ಸರಿಹೋಯಿತು ಎನ್ನುವಾಗ, ಹಳೆಯ ಮಾತ್ರೆ ಇಳಿಸಿ ಹೊಸದನ್ನು ಏರಿಸುತ್ತಿದ್ದ ದಿನಗಳಲ್ಲಿ, ಅವಳು ಹಿತ್ತಲಿನಲ್ಲಿ ಇನ್ನೊಮ್ಮೆ ಬಿದ್ದಳು. ಬಟ್ಟೆ ಒಗೆಯುವ ಕಲ್ಲಿಗೆ ಗದ್ದ ತಗುಲಿ ಚರ್ಮ ಹರಿಯಿತು. ಅತ್ತೆ ಒಬ್ಬಳೇ ಇದ್ದಳು. ನರ್ಸಮ್ಮ ಮಾಡಿದ್ದನ್ನು ನೋಡಿದ್ದವಳು, ಅದೇ ರೀತಿ ಸೊಸೆಯನ್ನು ಪಕ್ಕಕ್ಕೆ ಹೊರಳಿಸಿ, ತನ್ನ ಸೆರಗನ್ನೇ ಮಡಿಸಿ ತಲೆಯಡಿಗಿಟ್ಟು, ಸೆಳೆತ ನಿಲ್ಲುವವರೆಗೆ ಪಕ್ಕದಲ್ಲಿ ಕೂತಿದ್ದಳು. ಆಮೇಲಷ್ಟೇ ಮಗನಿಗೆ ಹೇಳಿ ಕಳಿಸಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಬರುವವರೆಗೆ ಗಂಡ ನಿಂತೇ ಇದ್ದ. ಡಾಕ್ಟರಮ್ಮ ತಲೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿ, ಎಕ್ಸ್‌ರೇಯನ್ನು ಬೆಳಕಿನ ಮುಂದೆ ಹಿಡಿದು ನೋಡಿದರು. ಮತ್ತೆ ಅದನ್ನು ಅವನ ಕೈಗೇ ಕೊಟ್ಟರು.

“ನೀವೇ ಹೇಳಿ, ಯಾವುದಾದ್ರೂ ಸಡಿಲ ಆಗಿದೆಯಾ?”

ಅವನು ಒಂದೊಂದನ್ನೂ ನೋಡಿದ. ಯಾವುದೂ ಆಗಿರಲಿಲ್ಲ. ಮುರಿದ ಗೆರೆ ಇದ್ದ ಜಾಗದಲ್ಲಿ ಹೊಸ ಮೂಳೆ ಬೆಳ್ಳಗೆ ತುಂಬಿಕೊಂಡಿತ್ತು. ಚರ್ಮಕ್ಕೆ ಹಾಕಿದ ನಾಲ್ಕು ಹೊಲಿಗೆ ಬಿಟ್ಟರೆ ಇನ್ನೇನೂ ಬೇಕಾಗಲಿಲ್ಲ. ಫಿಟ್ಸಿನ ಡಾಕ್ಟರು ಹೊಸ ಮಾತ್ರೆಯನ್ನು ಸ್ವಲ್ಪ ಏರಿಸಿದರು. ವಾಂತಿಯಾದರೆ ಕಾಯದೆ ಆಸ್ಪತ್ರೆಗೆ ಬಂದು ಸೂಜಿಯಲ್ಲಾದರೂ ಔಷಧಿ ತೆಗೆದುಕೊಳ್ಳಬೇಕೆಂದು ಮೂವರಿಗೂ ಬಾಯಿಪಾಠ ಮಾಡಿಸಿದರು.

ಹೊಲಿಗೆ ಬಿಚ್ಚುವ ಮೊದಲೇ ಸಾಹುಕಾರರು ಮನೆಗೆ ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಇನ್ನು ಕೂಗುವ ಕೆಲಸ ಸಾಕು, ಆಫೀಸಿನಲ್ಲಿ ಮೆತ್ತನೆಯ ಕುರ್ಚಿ ಹಾಕಿಸುತ್ತೇನೆ, ಫ್ಯಾನಿನ ಕೆಳಗೆ ಕೂತು ಚೀಟಿ ನೋಡಿಕೊಂಡಿರಲಿ, ಮತ್ತೆ ಬಿದ್ದರೆ ಯಾರು ಜವಾಬ್ದಾರಿ ಎಂದು ಬಹಳ ಹೊತ್ತು ನಯವಾಗಿ ಮಾತಾಡಿದರು. ಸವಾಲಕ್ಕ ಪೂರ್ತಿ ಕೇಳಿದಳು. ಕೇಳುವುದು ಈಚೆಗೆ ಅವಳಿಗೆ ಅಭ್ಯಾಸವಾಗಿತ್ತು.

“ಸಾಹುಕಾರ್ರೇ, ಈ ಸಲ ನಾನು ಬಿದ್ದಿದ್ದು ಮನೇಲಿ. ಹಾಗಂತ ಮನೆ ಬಿಟ್ಟು ಹೋಗು ಅಂತ ಯಾರೂ ಹೇಳ್ತಿಲ್ವಲ್ಲ. ನನ್ನ ಕೆಲಸ ಬಿಡಿಸಬೇಡಿ, ಆ ಕಲ್ಲಿನ ಕಟ್ಟೆ ಬಿಡಿಸಿ. ತೂಕದ ಯಂತ್ರಾನ ಆ ಕಂಬದ ಆಚೆಗೆ ಸರಿಸಿ. ನನಗೆ ನಿಲ್ಲೋಕೆ ಏನು ಬೇಕು ಅಂತ ನಮ್ಮನೆಯವರು ಹೇಳ್ತಾರೆ.”

ಎಲ್ಲರೂ ಗಂಡನ ಕಡೆ ನೋಡಿದರು. ಅವನು ಆಗಲೇ ಯೋಚಿಸಿಟ್ಟಿದ್ದ. ಮೊಣಕಾಲಿಗಿಂತ ಕೆಳಗಿನ ಎತ್ತರದ, ನಾಲ್ಕಡಿ ಉದ್ದಗಲದ ಮರದ ಹಲಗೆಯ ವೇದಿಕೆ, ಅಂಚಿಗೆಲ್ಲ ಲಾರಿಯ ಹಳೆಯ ಟೈರಿನ ರಬ್ಬರು, ಸುತ್ತ ನೆಲಕ್ಕೆ ಗೋಣಿಚೀಲದ ದಪ್ಪ ಹಾಸು ಎಂದು ಕೈಯಿಂದಲೇ ಅಳತೆ ತೋರಿಸಿ ಹೇಳಿದ. ಸಾಹುಕಾರರು ಅತ್ತೆ ಕೊಟ್ಟ ಚಹಾ ಕುಡಿದು, ಮರ ಎಲ್ಲಿಂದ ತರಿಸಲಿ ಎಂದು ಕೇಳಿ ಎದ್ದರು.

ವೇದಿಕೆ ಮಾಡಲು ಗಂಡನಿಗೆ ಎರಡು ಸಂಜೆ ಹಿಡಿಯಿತು. ಮೂಟೆಯಣ್ಣ ಅದರ ಮೇಲೆ ಹತ್ತಿ ಕುಣಿದು ಪರೀಕ್ಷೆ ಮಾಡಿದ. ಸವಾಲಕ್ಕ ಮೊದಲ ಬಾರಿ ಅದರ ಮೇಲೆ ನಿಂತ ಬೆಳಿಗ್ಗೆ ಕ್ಯಾರೆಟ್ಟಿನ ಲಾರಿಯೊಂದು ತಡವಾಗಿ ಬಂದು, ಜನ ಸಾಲುಗಟ್ಟಿ ಕಾಯುತ್ತಿದ್ದರು. ಕಟ್ಟೆಯಷ್ಟು ಎತ್ತರ ಇಲ್ಲದ್ದರಿಂದ ಹಿಂದಿನ ಸಾಲಿನವನೊಬ್ಬ ಅಕ್ಕ ಕಾಣುತ್ತಿಲ್ಲ ಎಂದು ಗೊಣಗಿದ. ಅವಳ ಗದ್ದದ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಬಾಯಿ ತೆರೆದಳು:

“ನನ್ನ ಮುಖ ನೋಡೋಕೆ ಬಂದಿದ್ದೀಯೋ, ಕ್ಯಾರೆಟ್ ನೋಡೋಕೋ? ಮುಂದೆ ಬಾ, ಮುರಿದು ನೋಡು, ರಸ ನೋಡು, ಆಮೇಲೆ ಬೆಲೆ ಹೇಳು. ಹೇಳಿದ ಮೇಲೆ ಹಿಂದೆ ಸರಿಯೋ ಹಾಗಿಲ್ಲ.”

ಅವನು ಮುಂದೆ ಬಂದು ಒಂದು ಕ್ಯಾರೆಟ್ ಮುರಿದು ಬಾಯಿಗೆ ಹಾಕಿಕೊಂಡ. ಹರಾಜು ಶುರುವಾಯಿತು.